ಬಸ್ಸಿನ ಬೋರ್ಡೂ ಪಿಪಿಟಿ ಸ್ಲೈಡೂ

(ದಾವಣಗೆರೆಯ ಕಾಲೇಜೊಂದರಲ್ಲಿ ಅಧ್ಯಾಪಕರು ಮತ್ತು ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕಾಗಿ ಅಲ್ಲಲ್ಲಿ ತಿದ್ದಿದ್ದೇನೆ. ಅಂದು ತೋರಿಸಿದ ಸ್ಲೈಡುಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡುವಾಗ ಸರ್ ನನ್ನನ್ನು ವಿನ್ಯಾಸ ತಜ್ಞ ಅಂದರು. ಅಷ್ಟು ದೊಡ್ಡ ಮಾತು ಬೇಡ. ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಅಂಗಡಿ, ಲಾರಿ, ಬಸ್ಸು, ಚುನಾವಣೆ ಬಂದರೆ ಗೋಡೆ. ನಾನು ಪೇಂಟ್ ಡಬ್ಬಿ ಹಿಡಿದು ಏಣಿ ಕೆಳಗೆ ನಿಂತು ಬೆಳೆದವನು. ಫ್ಲೆಕ್ಸ್ ಬಂತು, ಬ್ರಷ್ ಕೆಲಸ ಹೋಯಿತು. ನಾನು ಡಿಟಿಪಿ ಅಂಗಡಿ ಹಾಕಿದೆ. ಪ್ರಾಜೆಕ್ಟ್ ರಿಪೋರ್ಟಿಗೆ ಬೈಂಡಿಂಗ್ ಮಾಡಿಸಲು ಬಂದ ಹುಡುಗರು, 'ಅಣ್ಣಾ, ಪಿಪಿಟಿನೂ ಒಂಚೂರು ನೋಡಿ' ಅನ್ನತೊಡಗಿದರು. ಪಿಪಿಟಿ ಅಂದರೆ ಪವರ್‌ಪಾಯಿಂಟಿನಲ್ಲಿ ಮಾಡಿದ ಸ್ಲೈಡುಗಳು. ಒಂಚೂರು ಅಂತ ನೋಡಿದ್ದು ಈಗ ಸಾವಿರಾರು ಸ್ಲೈಡ್ ಆಗಿರಬೇಕು. ನನ್ನ ಓದು ಅಷ್ಟೇ.

ಮೊದಲು ಬಸ್ಸಿನ ವಿಷಯ ಹೇಳುತ್ತೇನೆ. ನೀವು ರಸ್ತೆ ಪಕ್ಕ ಬಸ್ಸಿಗೆ ಕಾಯುತ್ತಿದ್ದೀರಿ. ಚಿತ್ರದುರ್ಗಕ್ಕೆ ಹೋಗಬೇಕು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಗು. ದೂರದಲ್ಲಿ ಬಸ್ ಕಾಣಿಸಿತು. ಕೈ ಅಡ್ಡ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸಲು ಎರಡು ಮೂರು ಸೆಕೆಂಡ್ ಇದೆ. ಬೋರ್ಡಿನಲ್ಲಿ 'ಚಿತ್ರದುರ್ಗ' ದೊಡ್ಡದಾಗಿ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ 'ಆನಗೋಡು, ಭರಮಸಾಗರ'. ಆನಗೋಡಿನವರು ಒಂದು ಹೆಜ್ಜೆ ಮುಂದೆ ಬಂದು ಸಣ್ಣಕ್ಷರ ಓದಿಕೊಳ್ಳುತ್ತಾರೆ. ದುರ್ಗಕ್ಕೆ ಹೋಗುವವರು ಅಷ್ಟು ದೂರದಿಂದಲೇ ಕೈ ಎತ್ತುತ್ತಾರೆ.

ನಾನು ಮೊದಲ ಸಲ ಬಸ್ಸಿನ ಬೋರ್ಡ್ ಬರೆದಾಗ ಹತ್ತನೇ ಕ್ಲಾಸು. ತಗಡಿನಲ್ಲಿ ಜಾಗ ಇತ್ತಲ್ಲ, ಮೂರೂ ಊರನ್ನು ಒಂದೇ ಅಳತೆಯಲ್ಲಿ ಸಾಲಾಗಿ ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿದ್ದವು. ಅಪ್ಪ ಬಂದು ನೋಡಿದರು. ಟರ್ಪಂಟೈನ್ ಬಟ್ಟೆ ತಗೊಂಡು ಪೂರ್ತಿ ಒರೆಸಿಬಿಟ್ಟರು. 'ನಿಂತ ಬಸ್ಸಿಗೆ ಬರೀತಿಲ್ಲಲೇ ನೀನು, ಓಡೋ ಬಸ್ಸಿಗೆ ಬರೀತಿದೀಯ' ಅಂದರು.

ನಾನಿವತ್ತು ಹೇಳಬೇಕಾದದ್ದು ಇದೊಂದೇ. ಸ್ಲೈಡ್ ಕೂಡ ಓಡೋ ಬಸ್ಸು. ನಾವು ಅದನ್ನು ನೋಟ್ ಬುಕ್ ಅಂದುಕೊಂಡಿದ್ದೇವೆ.

ಒಂದು ಚಿಕ್ಕ ಪರೀಕ್ಷೆ ಮಾಡೋಣ ಅಂತ ಎಂಟು ಸಾಲಿನ ಒಂದು ಸ್ಲೈಡ್ ಹಾಕಿದೆ. ಬೆಣ್ಣೆ ದೋಸೆ ಹಿಟ್ಟಿಗೆ ಏನೇನು ಹಾಕುತ್ತಾರೆ ಅಂತ ಅದರಲ್ಲಿತ್ತು. ನೀವು ಅದನ್ನು ಓದುತ್ತಿದ್ದಾಗಲೇ ನಾನು ನಮ್ಮ ಅಂಗಡಿಗೆ ಯಾವ ವಾರ ರಜೆ ಅಂತ ಎರಡು ಸಲ ಬಾಯಿಬಿಟ್ಟು ಹೇಳಿದೆ. ಯಾರಿಗಾದರೂ ಕೇಳಿಸಿತಾ? ಇಷ್ಟು ಜನರಲ್ಲಿ ಕೈ ಎತ್ತಿದವರು ಇಬ್ಬರು. ಅವರಲ್ಲೊಬ್ಬರು ಸ್ಲೈಡ್ ಕಡೆ ನೋಡಿಯೇ ಇರಲಿಲ್ಲವಂತೆ. (ನಗು)

ತಪ್ಪು ನಿಮ್ಮದಲ್ಲ. ಓದುವಾಗಲೂ ನಾವು ಒಳಗೊಳಗೇ ಶಬ್ದ ಕೇಳಿಸಿಕೊಳ್ಳುತ್ತಿರುತ್ತೇವೆ. ಅದೇ ಹೊತ್ತಿಗೆ ಹೊರಗಿನ ಮಾತೂ ಬಂದರೆ ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ರಿಚರ್ಡ್ ಮೇಯರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಇದರ ಮೇಲೆ ಬಹಳ ಪ್ರಯೋಗ ಮಾಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಕಲಿಯುವವರಿಗೆ ಚೆನ್ನಾಗಿ ಹತ್ತುತ್ತದೆ. ಅದೇ ವಿವರಣೆಯನ್ನು ಪರದೆ ಮೇಲೂ ಬರೆದು ತೋರಿಸಿದರೆ ಹತ್ತುವುದು ಕಡಿಮೆಯಾಗುತ್ತದೆ. 'ಎರಡು ಕಡೆ ಇದ್ದರೆ ಇನ್ನೂ ಗಟ್ಟಿ' ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ.

ಹಳೆಯ ಮೇಷ್ಟರುಗಳಿಗೆ ಓಎಚ್‌ಪಿ ಅಂದರೆ ಓವರ್‌ಹೆಡ್ ಪ್ರೊಜೆಕ್ಟರ್ ನೆನಪಿರಬೇಕು. ಪಾರದರ್ಶಕ ಹಾಳೆ ಮೇಲೆ ಮಾರ್ಕರ್ ಪೆನ್ನಿನಿಂದ ಕೈಯಲ್ಲೇ ಬರೆಯಬೇಕಿತ್ತು. ಕೈ ನೋಯುತ್ತಿತ್ತು, ಹಾಗಾಗಿ ಕಡಿಮೆ ಬರೆಯುತ್ತಿದ್ದೆವು. 1987ರಲ್ಲಿ ಪವರ್‌ಪಾಯಿಂಟ್ ಬಂದಾಗ ಅದರ ಕೆಲಸ ಅಂತಹ ಹಾಳೆಗಳನ್ನು ನೀಟಾಗಿ ಕಪ್ಪು ಬಿಳುಪಿನಲ್ಲಿ ಮಾಡಿಕೊಡುವುದಷ್ಟೇ ಆಗಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಆಮೇಲೆ ಕೈ ನೋಯುವುದು ನಿಂತಿತು, ಕಾಪಿ ಪೇಸ್ಟ್ ಬಂತು. ಈಗ ನೋಯುವುದು ಕೂತವರ ಕಣ್ಣು.

'ಏಳು ಸಾಲು, ಸಾಲಿಗೆ ಏಳು ಪದ' ಅಂತ ಒಂದು ನಿಯಮ ಎಲ್ಲ ಕಡೆ ಹೇಳಿಕೊಡುತ್ತಾರೆ. ಕೇಳಿದರೆ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರ 1956ರ ಲೇಖನದ ಕಡೆ ಬೆರಳು ತೋರಿಸುತ್ತಾರೆ. ಆ ಮನುಷ್ಯ ಬರೆದದ್ದು ಮನಸ್ಸು ಒಂದು ಸಲಕ್ಕೆ ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚುಕಡಿಮೆ ಏಳು, ಅಂತ. ಸ್ಲೈಡಿಗೂ ಅದಕ್ಕೂ ಸಂಬಂಧ ಇಲ್ಲ. ಸಾಲದ್ದಕ್ಕೆ ಇದು ಇಂಗ್ಲಿಷ್ ಲೆಕ್ಕ. ನಮ್ಮಲ್ಲಿ 'ಅನುಷ್ಠಾನಗೊಳಿಸಲಾಗುತ್ತಿರುವುದರಿಂದ' ಅನ್ನುವುದೂ ಒಂದೇ ಪದ. ಅಂಥವು ಏಳನ್ನು ಒಂದು ಸಾಲಿನಲ್ಲಿ ಕೂರಿಸಿ ನೋಡಿ.

ಈಗ ಒಂದು ನಿಜವಾದ ಸ್ಲೈಡ್ ನೋಡೋಣ. ಮೆಕ್ಕೆಜೋಳದ ಲದ್ದಿ ಹುಳು ಬಗ್ಗೆ ರೈತರಿಗೆ ತೋರಿಸಲು ಒಬ್ಬ ಕೃಷಿ ಪದವಿ ವಿದ್ಯಾರ್ಥಿ ತಂದದ್ದು. ಹುಳು ನಿಮಗೆ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿ ಫಾಲ್ ಆರ್ಮಿವರ್ಮ್ ಅನ್ನುತ್ತಾರೆ. ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲೇ, 2018ರಲ್ಲಿ. ನಮ್ಮ ಜಿಲ್ಲೆ ಮೆಕ್ಕೆಜೋಳದ್ದು, ಹೊಡೆತ ಗೊತ್ತೇ ಇದೆ.

ಅವನ ಸ್ಲೈಡಿನಲ್ಲಿ ಹನ್ನೊಂದು ಬುಲೆಟ್, ಅಂದರೆ ಚುಕ್ಕೆ ಇಟ್ಟು ಬರೆದ ಅಂಶ, ಇದ್ದವು. ಮೊದಲನೆಯದು ಹುಳುವಿನ ಲ್ಯಾಟಿನ್ ಹೆಸರು. ಎರಡನೆಯದು ಮೂಲಸ್ಥಾನ. ಮೂರನೆಯದು ಚಿಟ್ಟೆ ಎಷ್ಟು ಮೊಟ್ಟೆ ಇಡುತ್ತದೆ ಅನ್ನುವುದು. ಏಳನೆಯ ಬುಲೆಟ್ ಹೊತ್ತಿಗೆ ಹುಳುವನ್ನು ಗುರುತು ಹಿಡಿಯುವುದು ಹೇಗೆ ಅಂತ ಬರುತ್ತಿತ್ತು. ಬಲಗಡೆ ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಫೋಟೋ. ಹಿನ್ನೆಲೆಗೆ ಹಸಿರು ಹೊಲ, ಅದರ ಮೇಲೆ ಕಪ್ಪಕ್ಷರ.

ನಾನು ಕೇಳಿದೆ: 'ಈ ಸ್ಲೈಡ್ ಹೋದ ಮೇಲೆ ರೈತನ ಕಣ್ಣಲ್ಲಿ ಏನು ಉಳಿಯಬೇಕಪ್ಪಾ?' ಸ್ವಲ್ಪ ಹೊತ್ತು ಯೋಚಿಸಿ, 'ಹೊಲಕ್ಕೆ ಹೋದಾಗ ಇದೇ ಆ ಹುಳ ಅಂತ ಗೊತ್ತಾಗಬೇಕಣ್ಣ' ಅಂದ. ಹಾಗಿದ್ದರೆ ಆಯಿತಲ್ಲ. ಫೋಟೋ ಹಿಗ್ಗಿಸಿ ಪರದೆ ತುಂಬ ಹರಡಿದೆವು, ಹುಳುವಿನ ತಲೆ ಎದ್ದು ಕಾಣುವಂತೆ. ತಲೆ ಮೇಲೆ ತಿಳಿ ಬಣ್ಣದ ಗೆರೆ ಇದೆ, ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ. ಅದಕ್ಕೊಂದು ಬಾಣ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಇರುತ್ತವೆ. ಅದಕ್ಕೂ ಒಂದು ಬಾಣ. ಪರದೆ ಮೇಲೆ ಬರೆದದ್ದು ಎರಡೇ ತುಣುಕು: 'ತಲೆಯಲ್ಲಿ ಕವಲು ಗೆರೆ', 'ಬಾಲದ ಬಳಿ ನಾಲ್ಕು ಚುಕ್ಕೆ'. ವೈ ಅಂತ ಬರೆಯೋದು ಬೇಡ, ಕವಲು ಅಂದರೆ ಎಲ್ಲರಿಗೂ ಗೊತ್ತು ಅಂತ ಹೇಳಿದವನು ಅವನೇ. ಅವನ ತಂದೆ ಜಗಳೂರು ಕಡೆಯ ರೈತರು.

ಉಳಿದ ಹತ್ತು ಬುಲೆಟ್ ಎಲ್ಲಿ ಹೋದವು? ಕೆಲವು ಅವನ ಬಾಯಿಗೆ. ಕೆಲವು ಮುಂದಿನ ಸ್ಲೈಡಿಗೆ: ಸುಳಿಯೊಳಗೆ ಮರದ ಹೊಟ್ಟಿನಂತೆ ಬಿದ್ದ ಲದ್ದಿಯ ಫೋಟೋ, ಒಂದೇ ಸಾಲು. ಔಷಧಿ, ಪ್ರಮಾಣ, ಎಷ್ಟನೇ ದಿನಕ್ಕೆ ಅನ್ನುವುದೆಲ್ಲ ಕೈಗೆ ಕೊಡುವ ಹಾಳೆಗೆ. ಅದನ್ನು ಯಾರೂ ಪರದೆ ನೋಡಿ ನೆನಪಿಟ್ಟುಕೊಳ್ಳುವುದಿಲ್ಲ, ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಒಯ್ಯುತ್ತಾರೆ. ಲ್ಯಾಟಿನ್ ಹೆಸರು ಮಾತ್ರ ಎಲ್ಲಿಗೂ ಹೋಗಲಿಲ್ಲ, ಬಿಟ್ಟೇಬಿಟ್ಟೆವು.

ಇದು ಹುಳುವಿನ ಮಾತಾಯಿತು. ಜೀವದ ಮಾತೂ ಒಂದಿದೆ. ಕಲ್ಪನಾ ಚಾವ್ಲಾ ಎಲ್ಲರಿಗೂ ಗೊತ್ತು. 2003ರ ಜನವರಿ 16ರಂದು ಅವರಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿತು. ಹಾರುವಾಗಲೇ ದೊಡ್ಡ ಇಂಧನ ಟ್ಯಾಂಕಿನಿಂದ ಫೋಮ್ ತುಂಡೊಂದು ಕಿತ್ತುಕೊಂಡು ಎಡ ರೆಕ್ಕೆಗೆ ಹೊಡೆಯಿತು. ನೌಕೆ ಇನ್ನೂ ಮೇಲಿರುವಾಗಲೇ, ಇದರಿಂದ ಅಪಾಯ ಇದೆಯಾ ಅಂತ ಎಂಜಿನಿಯರುಗಳು ಲೆಕ್ಕ ಹಾಕಿ ಮೇಲಧಿಕಾರಿಗಳಿಗೆ ಸ್ಲೈಡುಗಳಲ್ಲಿ ತೋರಿಸಿದರು. ಅದರಲ್ಲಿ ಒಂದು ಸ್ಲೈಡ್ ಈಗ ಎಷ್ಟೋ ವಿನ್ಯಾಸದ ತರಗತಿಗಳಲ್ಲಿ ಪಾಠ.

ಆ ಸ್ಲೈಡಿನ ತಲೆಬರಹ ಓದಿದರೆ ಸಮಾಧಾನ ಆಗುತ್ತದೆ. ನಮ್ಮ ಲೆಕ್ಕ ಅಪಾಯವನ್ನು ಇದ್ದದ್ದಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಹಾಗಾಗಿ ಗಾಬರಿ ಬೇಡ ಅನ್ನುವ ಧಾಟಿ. ಅದರ ಕೆಳಗೆ ಬುಲೆಟ್, ಬುಲೆಟ್ ಒಳಗೆ ಬುಲೆಟ್, ಅದರೊಳಗೆ ಇನ್ನೊಂದು. ಅಕ್ಷರ ಇಳಿಯುತ್ತಾ ಇಳಿಯುತ್ತಾ ಸಣ್ಣದಾಗುತ್ತವೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಪರೀಕ್ಷೆ ಮಾಡಿದ ತುಂಡಿನ ಗಾತ್ರ 3 ಘನ ಇಂಚು, ಇಲ್ಲಿ ಲೆಕ್ಕಕ್ಕೆ ಹಿಡಿದದ್ದು 1920 ಘನ ಇಂಚು. ಭಾಗಿಸಿ ನೋಡಿ. 640 ಪಟ್ಟು! ಅಂದರೆ ಆ ಪರೀಕ್ಷೆಯನ್ನು ನಂಬುವ ಹಾಗೇ ಇರಲಿಲ್ಲ. ಸ್ಲೈಡಿನ ಅತಿ ದೊಡ್ಡ ವಿಷಯ ಅತಿ ಸಣ್ಣ ಅಕ್ಷರದಲ್ಲಿ ನೆಲಮಾಳಿಗೆಯಲ್ಲಿ ಕೂತಿತ್ತು. 640 ಅನ್ನುವ ಅಂಕಿಯಂತೂ ಅದರಲ್ಲಿ ಇರಲೇ ಇಲ್ಲ, ಓದುವವರೇ ಭಾಗಿಸಿಕೊಳ್ಳಬೇಕಿತ್ತು.

ಫೆಬ್ರವರಿ 1ಕ್ಕೆ ನೌಕೆ ವಾಪಸ್ ಬರುವಾಗ ಒಡೆದುಹೋಯಿತು. ಏಳು ಜನ ಹೋದರು. ಸ್ಲೈಡಿನಿಂದಲೇ ಹೋದರು ಅಂತ ನಾನು ಹೇಳುತ್ತಿಲ್ಲ, ಕಾರಣ ರೆಕ್ಕೆಗೆ ಬಿದ್ದ ಏಟು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ಇಟ್ಟು ತೋರಿಸಿತು. ಇದನ್ನು ಓದಿದ ಅಧಿಕಾರಿಗೆ ಜೀವಕ್ಕೆ ಅಪಾಯ ಇದೆ ಅಂತ ಹೊಳೆಯದೆ ಹೋಗಿದ್ದರೆ ಅದೇನು ಆಶ್ಚರ್ಯವಲ್ಲ ಅನ್ನುವ ಅರ್ಥದ ಮಾತನ್ನೂ ಬರೆಯಿತು. ಆ ಸ್ಲೈಡನ್ನು ಮೊದಲು ಬಿಡಿಸಿ ತೋರಿಸಿದವರು ಮಾಹಿತಿ ವಿನ್ಯಾಸದ ಬಗ್ಗೆ ಪುಸ್ತಕ ಬರೆದ ಅಮೆರಿಕದ ಎಡ್ವರ್ಡ್ ಟಫ್ಟಿ. ಅವರಿಗೆ ಪಿಪಿಟಿ ಕಂಡರೇ ಆಗುವುದಿಲ್ಲ. ನನಗೆ ಅಷ್ಟು ಸಿಟ್ಟಿಲ್ಲ, ಹೊಟ್ಟೆಪಾಡು ನೋಡಿ.

ನಮ್ಮಪ್ಪನ ಕೈಗೆ ಆ ಸ್ಲೈಡ್ ಕೊಟ್ಟಿದ್ದರೆ? '640 ಪಟ್ಟು' ಅನ್ನುವುದನ್ನು 'ಚಿತ್ರದುರ್ಗ'ದ ಅಳತೆಯಲ್ಲಿ ಬರೆಯುತ್ತಿದ್ದರು. ಮಿಕ್ಕಿದ್ದೆಲ್ಲ ಆನಗೋಡು, ಭರಮಸಾಗರ.

ಈಗ ನಮ್ಮ ಅಕ್ಷರಕ್ಕೆ ಬರೋಣ. ಸ್ಲೈಡ್ ಬಗ್ಗೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೇಳಿದವು. ಕನ್ನಡಕ್ಕೆ ಅವನ್ನು ಸುಮ್ನೆ ಅಂಟಿಸಿದರೆ ಎಡವಟ್ಟು. 'ರಾಷ್ಟ್ರೀಯ' ಅಂತ ಬರೆಯಿರಿ. ಮೇಲೆ ಗುಣಿತ, ಕೆಳಗೆ ಎರಡು ಒತ್ತು. ಇಂಗ್ಲಿಷ್ ಅಕ್ಷರ ಒಂದಂತಸ್ತಿನ ಮನೆಯಾದರೆ ನಮ್ಮದು ಮೂರಂತಸ್ತು. ಪವರ್‌ಪಾಯಿಂಟಿನ ಈಗಿನ ಮಾಮೂಲಿ ಟೆಂಪ್ಲೇಟಿನಲ್ಲಿ ಸಾಲುಗಳ ನಡುವಿನ ಅಂತರ 0.9ಕ್ಕೆ ಇಟ್ಟಿರುತ್ತಾರೆ. ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕೂರುತ್ತದೆ. ಅದನ್ನು 1.2 ಅಥವಾ 1.3 ಮಾಡಿ. ಇವತ್ತು ಮನೆಗೆ ಹೋಗಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಅಡಿಗೆರೆ ಎಳೆಯಬೇಡಿ, ಒತ್ತಕ್ಷರಗಳ ಹೊಟ್ಟೆ ಕೊಯ್ಯುತ್ತದೆ. ಇಟಾಲಿಕ್ ಬೇಡ. ವಾಲಿದ ಕನ್ನಡಕ್ಕೆ ನಮ್ಮ ಕಣ್ಣು ಅಷ್ಟಾಗಿ ಒಗ್ಗಿಲ್ಲ. ನೋಡಿದರೆ ಗಾಳಿಗೆ ಬೀಳುತ್ತಿರುವ ಹಾಗೆ ಕಾಣುತ್ತದೆ. ದಪ್ಪಕ್ಷರ ಬೇಕಾದರೆ ನಿಜವಾದ ದಪ್ಪಕ್ಷರ ಇರುವ ಫಾಂಟ್ ಹಾಕಿ, ನೋಟೋ ಸಾನ್ಸ್ ಕನ್ನಡದ ಹಾಗೆ. ಕೆಲವು ಫಾಂಟಿಗೆ ದಪ್ಪದ ರೂಪ ಇರುವುದಿಲ್ಲ. ಬೋಲ್ಡ್ ಒತ್ತಿದರೆ ಕಂಪ್ಯೂಟರ್ ಇದ್ದ ಅಕ್ಷರವನ್ನೇ ಊದಿಸುತ್ತದೆ, ಒಳಗಿನ ತೂತು ಮುಚ್ಚಿಹೋಗುತ್ತದೆ. ನಮಗೆ ಆ ತೂತೇ ಮುಖ್ಯ. 'ದ', 'ಧ', 'ಥ' ಇವಕ್ಕೆ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. 'ಬ'ಕ್ಕೂ 'ಭ'ಕ್ಕೂ ಅಷ್ಟೇ. ಕೊನೆ ಬೆಂಚಿನಿಂದ ಅದು ಕಾಣದಿದ್ದರೆ 'ಭಾರ' ಹೋಗಿ 'ಬಾರ' ಆಗುತ್ತದೆ.

ಅಳತೆ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಮಾಡೋಣ. ಈಗಿನ ಅಗಲ ಸ್ಲೈಡಿನ ಎತ್ತರ 7.5 ಇಂಚು, ಅಂದರೆ ಅಕ್ಷರ ಅಳೆಯುವ ಪಾಯಿಂಟ್ ಲೆಕ್ಕದಲ್ಲಿ 540. ನೀವು 18 ಪಾಯಿಂಟ್ ಅಕ್ಷರ ಹಾಕಿದರೆ ಅದು ಎತ್ತರದ ಮೂವತ್ತರಲ್ಲಿ ಒಂದು ಪಾಲು. ಗೋಡೆ ಮೇಲೆ ಚಿತ್ರ ನಾಲ್ಕು ಅಡಿ ಎತ್ತರ ಬಿದ್ದರೆ ಆ ಪಾಲು ಸುಮಾರು ಒಂದೂವರೆ ಇಂಚು. ಅದರಲ್ಲಿ ಗುಣಿತಕ್ಕೂ ಒತ್ತಿಗೂ ಜಾಗ ಬಿಟ್ಟರೆ ಅಕ್ಷರದ ಮೈಗೆ ಉಳಿಯುವುದು ಹೆಚ್ಚುಕಡಿಮೆ ಒಂದು ಇಂಚು. ಒಂದು ಇಂಚಿನ ಅಕ್ಷರದಲ್ಲಿ ಬಸ್ ಬೋರ್ಡ್ ಬರೆದು ರಸ್ತೆಯ ಆಚೆಗೆ ನಿಂತು ಓದಿ ನೋಡಿ! ಕನ್ನಡಕ್ಕೆ ನಾನು 32ರ ಕೆಳಗೆ ಇಳಿಯುವುದಿಲ್ಲ. ಹಿಡಿಸದಿದ್ದರೆ ಮಾತು ಕಡಿಮೆ ಮಾಡುತ್ತೇನೆ, ಅಕ್ಷರ ಅಲ್ಲ.

ಬಣ್ಣ. ಇಲ್ಲಿ ನಿಮ್ಮ ಸಭಾಂಗಣವನ್ನೇ ನೋಡಿ. ಎರಡೂ ಕಡೆ ಕಿಟಕಿ, ಪರದೆ ಬಟ್ಟೆ ಅರ್ಧಕ್ಕೆ ನಿಂತಿದೆ. ಪ್ರೊಜೆಕ್ಟರ್ ಬೆಳಕು ಚೆಲ್ಲುತ್ತದೆ, ಕತ್ತಲೆ ಚೆಲ್ಲಲು ಅದಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೀವು ಹಾಕಿದ ಕಡುಗಪ್ಪು ಹಿನ್ನೆಲೆ ಇಲ್ಲಿ ಖಾಲಿ ಪರದೆಯ ಬಣ್ಣವೇ, ಬೂದಿ ಬೂದಿ. ಕತ್ತಲೆ ಮಾಡಬಹುದಾದ ಹಾಲ್ ಆದರೆ ಕಪ್ಪು ಹಿನ್ನೆಲೆ ಸೊಗಸು. ನಮ್ಮ ಊರಿನ ಹಾಲುಗಳಿಗೆ ತಿಳಿ ಹಿನ್ನೆಲೆ, ಕಪ್ಪಕ್ಷರವೇ ಸರಿ. ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಬಿಳಿ ಮೇಲೆ ಕಪ್ಪು 21. ಬಿಳಿ ಮೇಲೆ ಹಳದಿ ಒಂದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ, ಅಂದರೆ ಏನೂ ಇಲ್ಲ. ಹಳದಿ ಮೇಲೆ ಕಪ್ಪು ಮಾತ್ರ ಭರ್ಜರಿ, ಟ್ಯಾಕ್ಸಿ ನಂಬರ್ ಪ್ಲೇಟ್ ನೋಡಿ. ನೀಲಿ ಮೇಲೆ ಕೆಂಪು ಹಾಕಿದರೆ ಅಕ್ಷರ ನಡುಗುತ್ತದೆ. ಕೆಂಪು ಹಸಿರು ಎರಡೂ ಒಂದೇ ಥರ ಕಾಣುವವರು ಈ ಹಾಲಿನಲ್ಲೂ ಇರಬಹುದು, ಹಾಗಾಗಿ 'ಕೆಂಪು ಅಂದ್ರೆ ತಪ್ಪು, ಹಸಿರು ಅಂದ್ರೆ ಸರಿ' ಅಂತ ಬಣ್ಣ ಒಂದರ ಮೇಲೆ ಭಾರ ಹಾಕಬೇಡಿ.

ಸಾಲು ಜೋಡಿಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪ್ಪ ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ಕಡೆ ಎಳೆದು ಹಿಡಿದು, ನಡುವೆ ಎತ್ತಿ ಬಿಡುತ್ತಿದ್ದರು. ಗೋಡೆ ಮೇಲೆ ಟಪ್ ಅಂತ ಗೆರೆ. ಆಮೇಲೇ ಬ್ರಷ್. ನಿಮಗೆ ಪವರ್‌ಪಾಯಿಂಟಿನಲ್ಲಿ ಗೈಡ್ ಗೆರೆ ಇದೆ, ಅದನ್ನು ಹಾಕಿಕೊಂಡು ಎಲ್ಲ ಸ್ಲೈಡಿನಲ್ಲೂ ಎಡ ಅಂಚು ಒಂದೇ ಇಡಿ.

ಚಾರ್ಟಿಗೊಂದು ಮಾತು. ನಮ್ಮ ಜಿಲ್ಲೆಯ ಆರು ತಾಲ್ಲೂಕಿನ ಮಳೆಯನ್ನು ಒಬ್ಬ ಹುಡುಗಿ ಪೈ ಚಾರ್ಟಿನಲ್ಲಿ ತಂದಿದ್ದಳು. ಆರು ಬಣ್ಣ, ಪಕ್ಕದಲ್ಲಿ ಯಾವ ಬಣ್ಣ ಯಾವ ತಾಲ್ಲೂಕು ಅಂತ ಪಟ್ಟಿ. ಕಣ್ಣು ಪಟ್ಟಿಗೂ ಚಕ್ರಕ್ಕೂ ಓಡಾಡಿ ಸುಸ್ತು. ಕೋನಕ್ಕಿಂತ ಉದ್ದವನ್ನು ನಮ್ಮ ಕಣ್ಣು ಸರಿಯಾಗಿ ಅಳೆಯುತ್ತದೆ ಅಂತ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲೇ ತೋರಿಸಿದ್ದಾರೆ. ಅಡ್ಡ ಪಟ್ಟಿ ಮಾಡಿಸಿದೆ, ಹೆಸರು ಪಕ್ಕದಲ್ಲೇ. ಅವಳು ಹೇಳಬೇಕಾಗಿದ್ದು ಜಗಳೂರಿನ ಬರದ ಬಗ್ಗೆ. ಐದು ಪಟ್ಟಿ ಬೂದು, ಜಗಳೂರು ಮಾತ್ರ ಕಡುಗೆಂಪು. ಮುಗೀತು.

ನನ್ನ ಮರ್ಯಾದೆ ಹೋದ ಕಥೆಯೊಂದನ್ನು ಹೇಳಿ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಡೆ ಇದೇ ವಿಷಯ ಮಾತಾಡಲು ಕರೆದಿದ್ದರು. ಪೆನ್ ಡ್ರೈವ್ ತಗೊಂಡು ಹೋದೆ. ಅಲ್ಲಿನ ಲ್ಯಾಪ್‌ಟಾಪಿಗೆ ಹಾಕಿದರೆ ನನ್ನ ಚಂದದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಸ್ಲೈಡುಗಳು. ಆ ಫಾಂಟ್ ಒಳಗೊಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಇಟ್ಟಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ತಪ್ಪು ನನ್ನದೇ. ಬೋರ್ಡೂ ಇರಲಿಲ್ಲ. ವೇದಿಕೆ ಮೇಲಿದ್ದ ಫ್ಲೆಕ್ಸ್ ಬ್ಯಾನರ್ ಬಿಚ್ಚಿಸಿ, ಹಿಂದು ಮುಂದು ಮಾಡಿ ಕಟ್ಟಿಸಿ, ಅದರ ಬಿಳಿ ಬೆನ್ನಿನ ಮೇಲೆ ಮಾರ್ಕರಿನಿಂದ ಬರೆದೆ. ಮುಖ್ಯ ಅತಿಥಿಗಳ ಫೋಟೋ ಗೋಡೆ ಕಡೆ ಮುಖ ಮಾಡಿತು ಅಂತ ಅವರಿಗೆ ಸ್ವಲ್ಪ ಬೇಜಾರೂ ಆಯಿತು. ಅವತ್ತಿನಿಂದ ಎಲ್ಲವೂ ಯೂನಿಕೋಡ್, ಅಂದರೆ ಕನ್ನಡವನ್ನು ಕನ್ನಡ ಅಂತಲೇ ಕಂಪ್ಯೂಟರಿಗೆ ತಿಳಿಸುವ ಸಂಕೇತ. ಜೊತೆಗೆ ಅದೇ ಸ್ಲೈಡುಗಳ ಪಿಡಿಎಫ್ ಒಂದು. ಫೈಲ್ ಉಳಿಸುವಾಗ ಫಾಂಟನ್ನೂ ಒಳಗೇ ಸೇರಿಸುವ ಆಯ್ಕೆ ಇದೆ, ಅದಕ್ಕೂ ಟಿಕ್ ಹಾಕಿರುತ್ತೇನೆ.

ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಮೇಡಂ ಕೇಳಿದರು: 'ವಿದ್ಯಾರ್ಥಿಗಳು ಸ್ಲೈಡ್ ಫೋಟೋ ಹೊಡೆದುಕೊಂಡು ಅದನ್ನೇ ಓದುತ್ತಾರೆ. ಎಲ್ಲ ಬರೆಯದಿದ್ದರೆ ಹೇಗೆ?' ಓದುವುದಕ್ಕೆ ಬೇಕಾದ್ದನ್ನು ಎರಡು ಪುಟದ ನೋಟ್ಸ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡಿ ಮೇಡಂ. ಸ್ಲೈಡ್ ನಿಮ್ಮ ಮಾತಿನ ಜೊತೆಗೆ ಇರುವುದು, ನೋಟ್ಸ್ ನೀವಿಲ್ಲದಾಗ ಇರುವುದು. ಎರಡನ್ನೂ ಒಂದರಲ್ಲೇ ಮಾಡಲು ಹೋದರೆ ಅದೂ ಕೆಟ್ಟಿತು, ಇದೂ ಕೆಟ್ಟಿತು.

ಇನ್ನೊಬ್ಬರು, ಕೊನೆಯ ಸ್ಲೈಡಿಗೆ ಗುಲಾಬಿ ಹೂವಿನ 'ಧನ್ಯವಾದಗಳು' ಹಾಕಬಹುದಾ ಅಂದರು. ಧನ್ಯವಾದ ಬಾಯಲ್ಲಿ ಹೇಳಿದರೇ ಚಂದ. ಪ್ರಶ್ನೋತ್ತರ ನಡೆಯುವಾಗ ಪರದೆ ಮೇಲೆ ಹತ್ತು ನಿಮಿಷ ನಿಲ್ಲುವ ಸ್ಲೈಡ್ ಅದು. ಅಲ್ಲಿ ಗುಲಾಬಿ ಬದಲು ನಿಮ್ಮ ಮುಖ್ಯ ಚಿತ್ರವನ್ನೇ ಮತ್ತೆ ಹಾಕಿ. ಯಾವ ಚಿತ್ರವೂ ಬೇಡ, ಜನ ನನ್ನನ್ನೇ ನೋಡಲಿ ಅಂದರೆ ಕೀಬೋರ್ಡಿನಲ್ಲಿ 'ಬಿ' ಒತ್ತಿ. ಪರದೆ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ವಾಪಸ್ ಬರುತ್ತದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. 'ಅಣ್ಣಾ, ನೀವು ಹೇಳಿದ್ದೆಲ್ಲ ಸರಿ. ನಮ್ಮ ಪ್ರಾಜೆಕ್ಟ್ ಗೈಡ್ ಪ್ರತಿ ಸ್ಲೈಡಲ್ಲೂ ಕಾಲೇಜ್ ಲೋಗೊ, ಗೈಡ್ ಹೆಸರು, ಡಿಪಾರ್ಟ್‌ಮೆಂಟ್ ಹೆಸರು, ತಾರೀಖು ಇರಲೇಬೇಕು ಅಂತಾರೆ. ಏನು ಮಾಡ್ಲಿ?' ಗೈಡ್ ಇಲ್ಲೇ ಇದ್ದಾರಾ ಅಂತ ಮೊದಲು ಕೇಳಿದೆ. ಇಲ್ಲ ಅಂದ. ಹಾಗಾದರೆ ಧೈರ್ಯವಾಗಿ ಹೇಳುತ್ತೇನೆ: ಲೋಗೊ ಮೊದಲ ಸ್ಲೈಡಿನಲ್ಲಿ ಸಾಕು. ಅಷ್ಟಕ್ಕೂ ಕೂತವರಿಗೆ ತಾವು ಯಾವ ಕಾಲೇಜಿನಲ್ಲಿ ಕೂತಿದ್ದೇವೆ ಅಂತ ಗೊತ್ತಿರುತ್ತದಲ್ಲ. ಆದರೆ ಅವರು ಒಪ್ಪದಿದ್ದರೆ ಜಗಳಕ್ಕೆ ಹೋಗಬೇಡ. ಎಲ್ಲವನ್ನೂ ಬೂದು ಬಣ್ಣದಲ್ಲಿ ಕೆಳಗಿನ ಅಂಚಿಗೆ ಸಣ್ಣದಾಗಿ ಸಾಲಾಗಿ ಇಡು. ಮಾರ್ಕ್ಸ್ ಅವರ ಕೈಯಲ್ಲಿದೆ.